ರೈಟ್ ಎನ್ನದ ಕಂಡಕ್ಟರ್

ಬಸ್ಸಿನ ಅಡಿಯಲ್ಲಿ ಅಂಗಾತ ಮಲಗಿ ಗ್ರೀಸು ಬಳಿಯುತ್ತಿದ್ದ ಗುರುವಪ್ಪನಿಗೆ ಮೊದಲು ಕಂಡದ್ದು ಎರಡು ಚಕ್ರ, ಅದರ ಪಕ್ಕ ಎರಡು ಕಾಲು. ಕಾಲಿನಲ್ಲಿ ಬಕಲಿನ ಕಪ್ಪು ಚಪ್ಪಲಿ, ಬೆರಳ ತುದಿಯಲ್ಲಿ ಕೆಂಪು ಧೂಳು. ಕಾಲು ಯಾರದೆಂದು ಗೊತ್ತಾಗಲಿಲ್ಲ. ಚಕ್ರ ಮಾತ್ರ ನೋಡಿದ ಕೂಡಲೇ ಗೊತ್ತಾಯಿತು. ಮುಂದಿನ ಚಕ್ರದ ಮೂರು ಕಡ್ಡಿಗಳನ್ನು ಅವನೇ ಕೈಯಾರೆ ಕಟ್ಟಿದ್ದ.

ಅದು ಗೆಳೆಯ ಒಸ್ವಾಲ್ಡನ ಬುಲೆಟ್ಟು. ಏಳು ತಿಂಗಳ ಹಿಂದೆ ಕಲ್ಲುಕೋರೆಯ ನೀರಿನಿಂದ ಹಗ್ಗ ಹಾಕಿ ಎಳೆದದ್ದು.

"ಗುರುವಪ್ಪ ಇದ್ದಾರಾ?" ಎಂದಿತು ಮೇಲಿನಿಂದ ಒಂದು ಹೆಣ್ಣು ಸ್ವರ.

"ಅವನು ಇಲ್ಲ," ಎಂದು ಬಸ್ಸಿನ ಅಡಿಯಿಂದ ಗುರುವಪ್ಪನೇ ಹೇಳಿದ.

"ಹಾಗಾದ್ರೆ ನೀವು ಯಾರು?"

"ನಾನು... ಬಸ್ಸಿನ ಕೆಲಸದವ."

"ಸರಿ. ಬಸ್ಸಿನ ಕೆಲಸದವರು ಹೊರಗೆ ಬರ್ತೀರಾ, ಅಲ್ಲ ನಾನೇ ಅಡಿಗೆ ಬರ್ಬೇಕಾ?"

ಹೊರಗೆ ಬಂದ. ಹೆದರಿದ ಗಂಡಸು ಬಸ್ಸಿನ ಅಡಿಯಲ್ಲಿ ಎಷ್ಟು ಹೊತ್ತೆಂದು ಮಲಗಿರಬಹುದು?

ಎದುರಿಗೆ ನಿಂತಿದ್ದವಳು ಒಸ್ವಾಲ್ಡನ ತಂಗಿ ಮಟಿಲ್ಡಾ. ಮನೆ ಮಂಗಳೂರಿನ ಜೆಪ್ಪುವಿನಲ್ಲಿ, ಕೆಲಸ ಕದ್ರಿಯ ಕಡೆ ಒಂದು ಶಾಲೆಯಲ್ಲಿ, ಮೂರನೇ ಕ್ಲಾಸಿನ ಟೀಚರು. ನೀಲಿ ಹೂವಿನ ಫ್ರಾಕು, ತೋಳಿನ ಮೇಲೆ ಚಾಕಿನ ಪುಡಿ, ನೀರಿಗೆ ಬಿದ್ದ ಮೇಲೆ ಸ್ಟಾರ್ಟೇ ಆಗದ ಬುಲೆಟ್ಟನ್ನು ಅಷ್ಟು ದೂರ ತಳ್ಳಿಕೊಂಡು ಬಂದು ಕೆಂಪಾದ ಮುಖ. ಇವಳಿಗೆ ಗೊತ್ತಾಗಿದೆ, ಕೇಳಲಿಕ್ಕೇ ಬಂದಿದ್ದಾಳೆ ಎಂದುಕೊಂಡ ಗುರುವಪ್ಪ.

"ನನಗೆ ಇದನ್ನು ಬಿಡ್ಲಿಕ್ಕೆ ಕಲಿಸ್ಬೇಕು," ಎಂದಳು ಅವಳು.

"ಇದನ್ನಾ?"

"ಟಾರು ರೋಡಿನಲ್ಲಿ ಸ್ವಲ್ಪ ಬರ್ತದೆ, ಅಣ್ಣ ಕಲಿಸಿದ್ದ. ನನಗೆ ಗುಡ್ಡದಲ್ಲಿ ಬಿಡ್ಲಿಕ್ಕೆ ಬರ್ಬೇಕು. ಈ ಡಿಸೆಂಬರಿನ ಘಾಟಿ ಟ್ರಯಲಿಗೆ ಹೆಸರು ಕೊಟ್ಟಿದ್ದೇನೆ."

ಘಾಟಿ ಟ್ರಯಲ್ ಎಂದರೆ ಊರಿನ ಮೋಟಾರ್ ಕ್ಲಬ್ಬಿನವರ ವರ್ಷದ ದೊಡ್ಡ ಸವಾರಿ. ಬೆಳಿಗ್ಗೆ ಕದ್ರಿಯಿಂದ ಹೊರಟರೆ ಅರ್ಧ ದಾರಿ ಟಾರು, ಉಳಿದರ್ಧ ಕಾಡಿನೊಳಗಿನ ಹಳೆಯ ಎತ್ತಿನ ದಾರಿ. ತೊರೆ ದಾಟಿ, ಬಂಡೆ ಹತ್ತಿ, ಚಾರ್ಮಾಡಿಯ ನೆತ್ತಿ ಮುಟ್ಟಿ ಸಂಜೆಯೊಳಗೆ ವಾಪಸು ಬರಬೇಕು. ಒಂದು ಗಾಡಿಗೆ ಇಬ್ಬರು, ಒಬ್ಬ ಓಡಿಸುವವನು, ಒಬ್ಬ ಹಿಂದೆ ಕೂತು ದಾರಿ ಹೇಳುವವನು. ಹಿಂದಿನ ವರ್ಷ, ಅರುವತ್ತೆರಡರಲ್ಲಿ, ಓಡಿಸಬೇಕಾದವನು ಒಸ್ವಾಲ್ಡ್, ದಾರಿ ಹೇಳಬೇಕಾದವನು ಗುರುವಪ್ಪ, ನಂಬರು ಹದಿನಾಲ್ಕು.

"ಹೆಂಗಸರಿಗೆ ಕೊಡ್ತಾರಾ?"

"ಕೊಡ್ಬಾರ್ದು ಅಂತ ರೂಲಿನಲ್ಲಿ ಇಲ್ಲ. ಸೆಕ್ರೆಟರಿ ಎರಡು ಸಲ ಓದಿ ನೋಡಿದ್ರು. ಬರೆಯುವಾಗ ಯಾರ ತಲೆಗೂ ಹೋಗ್ಲಿಲ್ಲ ಕಾಣ್ತದೆ." ಅವಳು ನಗಲಿಲ್ಲ. "ಅವರ ಪುಸ್ತಕದಲ್ಲಿ ಹದಿನಾಲ್ಕರ ಎದುರು ಆಬ್ಸೆಂಟ್ ಅಂತ ಬರೆದಿದ್ದಾರೆ, ಗುರುವಪ್ಪ. ಸತ್ತವನಿಗೆ ಆಬ್ಸೆಂಟ್. ದಿನಾ ಹಾಜರಿ ತೆಗೆಯುವವಳು ನಾನು. ಅದನ್ನು ಹಾಗೆ ಬಿಡ್ಲಿಕ್ಕೆ ನನಗೆ ಆಗುದಿಲ್ಲ."

"ಬೇರೆ ಯಾರನ್ನಾದ್ರೂ ಕೇಳಿ, ಟೀಚರ್."

"ಬೇರೆ ಯಾರುಂಟು? ಆ ದಾರಿಯೆಲ್ಲ ಅವನ ಜೊತೆ ನೋಡಿದವರು ನೀವೊಬ್ಬರೇ."

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಕೊನೆಯವರೆಗೆ ಸೆರಗಿನಲ್ಲಿ ಮುಚ್ಚಿಟ್ಟು ಆಮೇಲೆ ತೆಗೆದು ತೋರಿಸುವಂಥ ಕಥೆಯಲ್ಲ ಇದು. ಒಸ್ವಾಲ್ಡ್ ಸತ್ತದ್ದು ಗುರುವಪ್ಪನ ಒಂದು ಮಾತಿನಿಂದ.

ಗುರುವಪ್ಪ ಆಗ ಬಸ್ ಕಂಡಕ್ಟರ್. ಮಂಗಳೂರಿನಲ್ಲಿ ಬಸ್ಸು ಹೊರಡುವುದು ಇಂಜಿನ್ನಿನಿಂದಲ್ಲ, ಕಂಡಕ್ಟರನ ಬಾಯಿಯಿಂದ. ಹತ್ತುವವರು ಹತ್ತಿದರು, ಇಳಿಯುವವರು ಇಳಿದರು, ಇನ್ನು ಹೋಗಬಹುದು ಎನ್ನುವುದಕ್ಕೆ ಇರುವುದು ಒಂದೇ ಮಾತು: ರೈಟ್. ಆರು ವರ್ಷ, ದಿನಕ್ಕೆ ನೂರಾರು ಸಲ ಅದನ್ನು ಹೇಳಿದವನಿಗೆ ರೈಟ್ ಎಂದರೆ ಹೋಗು. ಇಂಗ್ಲಿಷಿನಲ್ಲಿ ಅದು ಬಲಗಡೆಗೂ ಹೆಸರು ಎನ್ನುವುದು ಅವನಿಗೆ ಗೊತ್ತಿತ್ತು. ಅವನ ನಾಲಗೆಗೆ ಗೊತ್ತಿರಲಿಲ್ಲ.

ಆ ಜುಲೈ ತಿಂಗಳ ಆದಿತ್ಯವಾರ ಇಬ್ಬರೂ ಸುರತ್ಕಲ್ಲಿನ ಆಚೆಯ ಗುಡ್ಡಕ್ಕೆ ಪ್ರಾಕ್ಟೀಸಿಗೆ ಹೋಗಿದ್ದರು. "ಇವತ್ತಿನಿಂದ ಇಂಗ್ಲಿಷ್ ಮಾರಾಯ," ಎಂದಿದ್ದ ಒಸ್ವಾಲ್ಡ್. "ಕ್ಲಬ್ಬಿನ ರೂಟ್ ಕಾರ್ಡು ಇಂಗ್ಲಿಷಿನಲ್ಲಿ ಇರ್ತದೆ. ಲೆಫ್ಟು, ರೈಟು, ಸ್ಟ್ರೈಟು. ತುಳು ಇನ್ನು ಮನೆಯಲ್ಲಿ." ಗುರುವಪ್ಪ ಆಯಿತು ಎಂದ. ದಾರಿ ಕೆಟ್ಟಿದ್ದ ಕಡೆ ಹಿಂದೆ ಕೂತವನು ಇಳಿದು, ಮುಂದೆ ನಡೆದು ನೋಡಿ, ಕೂಗಿ ಹೇಳಬೇಕು. ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯ ಅಂಚಿನಲ್ಲಿ ದಾರಿ ನೇರ ಹೋಗುತ್ತಿತ್ತು. ಬಲಗಡೆ ಮಳೆನೀರು ತುಂಬಿದ ಆಳದ ಹೊಂಡ. ಹತ್ತು ಮಾರು ದೂರ ಕಾಣದಂಥ ಮಳೆ. ಗುರುವಪ್ಪ ಮುಂದೆ ಹೋಗಿ ಕಾಲಿನಿಂದ ಒತ್ತಿ ನೋಡಿದ, ನೆಲ ಗಟ್ಟಿಯಿತ್ತು. ಹೋಗಬಹುದಾ ಎಂದು ಒಸ್ವಾಲ್ಡ್ ಹಿಂದಿನಿಂದ ಕೂಗಿದ. ಗುರುವಪ್ಪ ಆರು ವರ್ಷದ ಅಭ್ಯಾಸದಲ್ಲಿ ಕೂಗಿ ಹೇಳಿದ, ರೈಟ್ ರೈಟ್.

ಒಸ್ವಾಲ್ಡ್ ಬಲಕ್ಕೆ ತಿರುಗಿಸಿದ.

ಪೊಲೀಸರಿಗೆ, ಪಾದ್ರಿಗೆ, ಒಸ್ವಾಲ್ಡನ ತಾಯಿಗೆ, ಎಲ್ಲರಿಗೂ ಗುರುವಪ್ಪ ಹೇಳಿದ್ದು "ಜಾರಿತು" ಎಂದು ಮಾತ್ರ. ಮರುವಾರ ಬಸ್ಸು ಹತ್ತಿದ. ಜನ ಹತ್ತಿದರು, ಇಳಿದರು. ಫುಟ್‌ಬೋರ್ಡಿನ ಮೇಲೆ ನಿಂತವನ ಬಾಯಿಯಿಂದ ಮಾತು ಹೊರಡಲಿಲ್ಲ. ಡ್ರೈವರ್ ಅಬ್ದುಲ್ ರಹ್ಮಾನ್ ತಿರುಗಿ ನೋಡಿದ, ಜನ ಬೊಬ್ಬೆ ಹಾಕಿದರು, ಬಸ್ಸು ನಿಂತಲ್ಲೇ ನಿಂತಿತು. ರೈಟ್ ಎನ್ನಲಾಗದ ಕಂಡಕ್ಟರನನ್ನು ಇಟ್ಟುಕೊಂಡು ಬಸ್ಸಿನ ಧನಿಗಳಾದರೂ ಏನು ಮಾಡಿಯಾರು? ಗ್ಯಾರೇಜಿಗೆ ಹಾಕಿದರು.

ಈಗ ಅದೇ ಬುಲೆಟ್ಟು ಹಿಡಿದುಕೊಂಡು ಅದೇ ಮನೆಯ ಹುಡುಗಿ ಎದುರಿಗೆ ನಿಂತಿದ್ದಾಳೆ. ಇವಳು ಒಬ್ಬಳೇ ಗುಡ್ಡಕ್ಕೆ ಹೋಗಿ ಬಿದ್ದರೆ ಎಂಬ ಹೆದರಿಕೆ ಒಂದು ಕಡೆ. ಇನ್ನೊಂದು ಕಡೆ, ಹೇಳಿಬಿಡಲಿಕ್ಕೆ ದೇವರೇ ಕೊಟ್ಟ ಸಂದರ್ಭ ಎಂಬ ಆಸೆ.

"ಗಾಡಿ ಇಲ್ಲೇ ಬಿಡಿ, ಸರಿ ಮಾಡಿಡ್ತೇನೆ. ಆದಿತ್ಯವಾರ ಬನ್ನಿ," ಎಂದ. ಮೊದಲ ಆದಿತ್ಯವಾರವೇ ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದ. ಹೇಳಲಿಲ್ಲ.

ಮೊದಲ ಪಾಠ ಸುರತ್ಕಲ್ಲಿನ ಮರಳಿನಲ್ಲಿ. ಅವಳು ಚರ್ಚಿನ ಪೂಜೆ ಮುಗಿಸಿ ಬಂದಿದ್ದಳು. ಒಸ್ವಾಲ್ಡನ ಪ್ಯಾಂಟು, ಬೆಲ್ಟಿಗೆ ಹೊಸದಾಗಿ ಎರಡು ತೂತು, ತಲೆಗೆ ಬಿಗಿದು ಕಟ್ಟಿದ ಸ್ಕಾರ್ಫು. ಬಲೆ ಒಣಗಿಸುತ್ತಿದ್ದವರು ಕೆಲಸ ಬಿಟ್ಟು ನೋಡಿದರು.

"ಸೀಟಿನಿಂದ ಎದ್ದು ನಿಲ್ಲಿ. ಮೊಣಕಾಲು ಸಡಿಲ ಬಿಡಿ. ಎದುರಿನ ಚಕ್ರ ನೋಡ್ಬೇಡಿ ಟೀಚರ್, ದೂರ ನೋಡಿ. ನಾವು ಎಲ್ಲಿ ನೋಡ್ತೇವೋ ಗಾಡಿ ಅಲ್ಲಿಗೇ ಹೋಗ್ತದೆ."

"ಹೌದಾ? ನಿಮ್ಮನ್ನು ನೋಡಿದ್ರೆ?"

"ನನ್ನ ಮೇಲೆ ಬರ್ತದೆ."

"ನೋಡುವ," ಎಂದಳು.

ಅವಳು ಮರಳಿನಲ್ಲಿ ದೂರ ಹೋಗಿ ತಿರುಗಿಸಿದಳು. ಹ್ಯಾಂಡಲ್ಲಿನ ಮೇಲಿನಿಂದ ಎರಡು ಕಣ್ಣು ನೆಟ್ಟಗೆ ಅವನನ್ನೇ ನೋಡುತ್ತ ಬಂದವು. ಗುರುವಪ್ಪ ಕದಲಲಿಲ್ಲ. ಕದಲಬೇಕೆಂದು ಅನ್ನಿಸಲೂ ಇಲ್ಲ. ಒಂದು ಗೇಣು ದೂರದಲ್ಲಿ ಬ್ರೇಕು ಹಾಕಿ, ಮರಳಿನಲ್ಲಿ ಸಮತೋಲ ತಪ್ಪಿ, ಗಾಡಿ ಸಮೇತ ಅವಳು ಅಡ್ಡ ಬಿದ್ದಳು.

"ಒಂದು," ಎಂದಳು ಬಾಯಿಯಿಂದ ಮರಳು ಉಗುಳುತ್ತ. ಮಕ್ಕಳ ಕಾಪಿಯಲ್ಲಿ ತಪ್ಪು ಲೆಕ್ಕ ಹಾಕುವ ಹಾಗೆ ಅವಳು ಬಿದ್ದದ್ದನ್ನು ಲೆಕ್ಕ ಹಾಕುತ್ತಿದ್ದಳು. ಆ ದಿನ ಹನ್ನೊಂದಾಯಿತು.

ಅಂದಿನಿಂದ ಆದಿತ್ಯವಾರಗಳೆಲ್ಲ ಗುಡ್ಡದ್ದಾದವು. ಬಿದ್ದ ಗಾಡಿಗೆ ಬೆನ್ನು ಕೊಟ್ಟು, ತೊಡೆಯ ಬಲದಿಂದ ಎತ್ತಿ ನಿಲ್ಲಿಸುವುದನ್ನು ಕಲಿಸಿದ. ಇಳಿಜಾರಿನಲ್ಲಿ ಕ್ಲಚ್ಚು ಹಿಡಿಯದೆ ಇಂಜಿನ್ನಿನ ಹಿಡಿತದಲ್ಲೇ ಇಳಿಯುವುದನ್ನು, ಕೆಂಪು ಮುರಕಲ್ಲಿನ ಮೇಲೆ ಪಾಚಿ ಕಂಡರೆ ಬ್ರೇಕು ಮುಟ್ಟದೆ ಉಸಿರು ಹಿಡಿದು ದಾಟುವುದನ್ನು ಕಲಿಸಿದ. ಕೆಟ್ಟ ಜಾಗ ಬಂದಾಗ ತಾನು ಇಳಿದು ಮುಂದೆ ಹೋಗಿ, ಮೈ ಒರೆಸುವ ಕೆಂಪು ಬೈರಾಸು ಬೀಸುತ್ತಿದ್ದ. ಬೈರಾಸು ಮೇಲೆತ್ತಿದರೆ ನಿಲ್ಲಬೇಕು, ಕೆಳಗೆ ಬೀಸಿದರೆ ಬರಬೇಕು.

"ನೀವು ಕಂಡಕ್ಟರ್ ಆಗಿದ್ದವರಲ್ವಾ? ಬಾಯಿ ಇಲ್ವಾ ನಿಮಗೆ?" ಎಂದು ಅವಳು ಒಮ್ಮೆ ಕೇಳಿದಳು. "ಬೈರಾಸು ತೋರಿಸಿ ಓಡಿಸ್ಲಿಕ್ಕೆ ನಾನು ಎಂತ ದನವಾ?"

"ಮಳೆಗೆ ಮಾತು ಕೇಳುದಿಲ್ಲ ಟೀಚರ್."

"ಈಗ ಏಪ್ರಿಲು."

"ಅಭ್ಯಾಸ ಆಗ್ಲಿ ಅಂತ."

ಅವಳು ಅವನ ಮುಖವನ್ನೇ ನೋಡಿದಳು. ಬೈರಾಸನ್ನು ಅವನ ಕೈಯಿಂದ ಎಳೆದು, ತನ್ನ ಮುಖದ ಧೂಳು ಒರೆಸಿಕೊಂಡು, ಮಡಚಿ ವಾಪಸು ಕೊಟ್ಟಳು. ಆ ವಾರ ಗುರುವಪ್ಪ ಅದನ್ನು ಒಗೆಯಲಿಲ್ಲ.

ಅವನಿಗೆ ಅವಳ ಮೇಲೆ ಪ್ರೀತಿ ಹುಟ್ಟಿತ್ತು. ಸುತ್ತಿ ಬಳಸಿ ಹೇಳುವಂಥದ್ದೇನಿಲ್ಲ. ಬೆನ್ನ ಹಿಂದೆ ಕೂತಾಗ ಸ್ಕಾರ್ಫಿನಿಂದ ತಪ್ಪಿಸಿಕೊಂಡ ಕೂದಲು ಅವನ ಗಲ್ಲಕ್ಕೆ ತಾಗುತ್ತಿತ್ತು, ಅವನು ಮುಖ ತಿರುಗಿಸುತ್ತಿರಲಿಲ್ಲ. ಅವಳು ಕನ್ನಡಿಯನ್ನು ಹಿಂದಿನ ದಾರಿ ಕಾಣುವ ಹಾಗೆ ಇಡದೆ, ಅವನ ಮುಖ ಕಾಣುವ ಹಾಗೆ ತಿರುಗಿಸಿಟ್ಟಿದ್ದಳು. "ಸರಿ ಮಾಡಿ ಟೀಚರ್," ಎಂದರೆ, "ಸರಿಯಾಗೇ ಉಂಟು," ಎನ್ನುತ್ತಿದ್ದಳು.

ಪ್ರೀತಿ ಬೆಳೆದಷ್ಟೂ ಆ ಒಂದು ಮಾತು ಗಂಟಲಲ್ಲಿ ದೊಡ್ಡದಾಯಿತು. ಹೇಳಿದರೆ ಇವಳು ಹೋಗುತ್ತಾಳೆ. ಹೇಳದಿದ್ದರೆ, ಇವಳು ನಗುವುದೆಲ್ಲ ಇನ್ನೊಬ್ಬ ಗುರುವಪ್ಪನನ್ನು ನೋಡಿ, ಒಸ್ವಾಲ್ಡನನ್ನು ಕೊಲ್ಲದ ಗುರುವಪ್ಪನನ್ನು ನೋಡಿ.

ಅವಳ ತಾಯಿ ಉರ್ಸುಲಾಬಾಯಿ ಕಟ್ಟುನಿಟ್ಟಿನ ಹೆಂಗಸು. ಮಗಳು ಪ್ಯಾಂಟು ಹಾಕಿ ಗಾಡಿ ಬಿಡುವುದಕ್ಕೆ ಬೇಡ ಎನ್ನಲೂ ಇಲ್ಲ, ಸರಿ ಎನ್ನಲೂ ಇಲ್ಲ. ಬುಲೆಟ್ಟಿನ ಸದ್ದು ಬೀದಿಯ ತುದಿಗೆ ಬರುವವರೆಗೆ ಜಪಮಣಿ ಹಿಡಿದು ಕೂತಿರುತ್ತಿದ್ದರು. ಆಮೇಲೆ ಜಗಲಿಗೆ ಚಾ, ತಟ್ಟೆಯಲ್ಲಿ ಇಡ್ಲಿಯಂಥ ಬಿಸಿ ಸನ್ನಣ ತರುತ್ತಿದ್ದರು. "ಒಳಗೆ ಬಾ ಗುರು," ಎಂದರೆ ಗುರುವಪ್ಪ ಒಳಗೆ ಹೋಗುತ್ತಿರಲಿಲ್ಲ. ಒಳಗೆ ಗೋಡೆಯ ಮೇಲೆ ಒಸ್ವಾಲ್ಡನ ಫೋಟೋ ಇತ್ತು.

"ನೀನು ಹಿಂದೆ ಕೂತಿದ್ದಿ ಅಂತ ನನಗೆ ಧೈರ್ಯ," ಎಂದರು ಅವರು ಒಂದು ದಿನ. ಗುರುವಪ್ಪ ಕೈಯಲ್ಲಿದ್ದ ಸನ್ನಣವನ್ನು ತಟ್ಟೆಯಲ್ಲೇ ಇಟ್ಟ. "ಬಾಯೀ, ಬರ್ತೇನೆ," ಎಂದು ಅರ್ಧ ಚಾ ಬಿಟ್ಟು ಎದ್ದ.

ಮಳೆ ಹಿಡಿಯಿತು. ಜುಲೈಯ ಒಂದು ಆದಿತ್ಯವಾರ ಅವಳು ಗಾಡಿಯನ್ನು ಹೇಳದೆ ಕೇಳದೆ ಸುರತ್ಕಲ್ಲಿನ ಆಚೆಯ ಗುಡ್ಡಕ್ಕೆ ತಿರುಗಿಸಿದಳು.

"ಅಲ್ಲಿ ಬೇಡ," ಎಂದ ಗುರುವಪ್ಪ.

"ಅಲ್ಲಿಯೇ. ಆ ಜಾಗ ದಾಟದೆ ನಾನು ಎಂತ ಘಾಟಿ ದಾಟುದು?"

"ಟೀಚರ್, ಬೇಡ."

"ಭಯ ಆದ್ರೆ ಇಳೀರಿ."

ಇಳಿಯಲಿಲ್ಲ. ಕೋರೆಯ ಅಂಚಿಗೆ ಬಂದಾಗ ಕ್ರಮದ ಪ್ರಕಾರ ಇಳಿಯಲೇಬೇಕಾಯಿತು. ಅದೇ ಮಳೆ, ಅದೇ ಕೆಂಪು ನೀರು. ಮುಂದೆ ನಡೆದ, ನೆಲ ಒತ್ತಿ ನೋಡಿದ. ಗಟ್ಟಿಯಿತ್ತು. ಬೈರಾಸು ಬೀಸಿದ.

ಮಳೆಯ ಆಚೆಯಿಂದ ಅವಳು ಕೂಗಿದಳು. "ಗುರುವಪ್ಪ, ಬೈರಾಸು ಕಾಣುದಿಲ್ಲ. ಹೋಗ್ಬಹುದಾ? ಬಾಯಿ ಬಿಟ್ಟು ಹೇಳಿ."

ಅವಳ ಅಣ್ಣ ಕೇಳಿದ್ದೂ ಇದನ್ನೇ. ಗುರುವಪ್ಪ ಬಾಯಿ ತೆರೆದ. ನೇರ ಬನ್ನಿ ಎನ್ನಬಹುದಿತ್ತು, ಬನ್ನಿ ಎಂದರೂ ಸಾಕಿತ್ತು. ಆದರೆ ನಾಲಗೆಯ ತುದಿಗೆ ಬಂದು ನಿಂತದ್ದು ಒಂದೇ ಮಾತು. ಇಂಜಿನ್ನಿನ ಸದ್ದು ಏರಿತು, ಅವಳು ಕಾಯಲಾಗದೆ ಹೊರಟಿದ್ದಳು. ಗುರುವಪ್ಪ ಓಡಿದ. ಓಡಿಹೋಗಿ ಹ್ಯಾಂಡಲ್ಲು ಹಿಡಿದು ಎಡಕ್ಕೆ ಎಳೆದ. ಗಾಡಿ ಅಡ್ಡ ಬಿತ್ತು, ಸುಡುವ ಸೈಲೆನ್ಸರು ಅವಳ ಮೀನಖಂಡದ ಮೇಲೆ ಕೂತಿತು.

"ಹುಚ್ಚಾ ನಿಮಗೆ?" ಕಾಲು ಎಳೆದುಕೊಳ್ಳುತ್ತ ಅವಳು ಕಿರುಚಿದಳು. "ನಾನು ನೇರ ಬರ್ತಿದ್ದದ್ದಲ್ವಾ?"

"ಅವನೂ ನೇರ ಬರ್ತಿದ್ದ," ಎಂದ ಗುರುವಪ್ಪ. ಕೆಸರಿನಲ್ಲಿ ಮೊಣಕಾಲೂರಿ ಕೂತು, ಎಲ್ಲವನ್ನೂ ಹೇಳಿದ. ಬೆಳಿಗ್ಗೆ ಒಸ್ವಾಲ್ಡ್ ಹೇಳಿದ್ದು, ತಾನು ಒಪ್ಪಿದ್ದು, ಕೂಗಿದ ಆ ಮಾತು, ಆಮೇಲೆ ಹೇಳಿದ ಸುಳ್ಳು. ಏನನ್ನೂ ಬಿಡಲಿಲ್ಲ, ತನ್ನ ಪರವಾಗಿ ಏನನ್ನೂ ಸೇರಿಸಲಿಲ್ಲ.

ಅವಳು ಕೋರೆಯ ಕೆಂಪು ನೀರನ್ನು ನೋಡಿದಳು. ಮಳೆ ಬೀಳುತ್ತಲೇ ಇತ್ತು.

"ನೀವಿಬ್ಬರು ದಿನಾ ತುಳುವಿನಲ್ಲೇ ಮಾತಾಡ್ತಿದ್ದದ್ದಲ್ವಾ?" ಎಂದಳು ಕೊನೆಗೆ.

"ಹೌದು."

"ಮತ್ತೆ ಆವತ್ತು ಯಾಕೆ?"

"ಕಾರ್ಡು ಇಂಗ್ಲಿಷಿನಲ್ಲಿ ಇರ್ತದೆ ಅಂತ..."

"ಒಂದು ಕಾರ್ಡಿಗೆ," ಎಂದಳು. ಮತ್ತೆ ಕೇಳಿದಳು, "ನಮ್ಮ ಜಗಲಿಯಲ್ಲಿ ಎಷ್ಟು ಆದಿತ್ಯವಾರ ಚಾ ಕುಡಿದ್ರಿ?"

ಗುರುವಪ್ಪ ಕೆಸರಿನಿಂದ ಎದ್ದ. ಅವಳನ್ನು ಎಬ್ಬಿಸಲಿಕ್ಕೆ ಕೈ ಚಾಚಿದ. ಅವಳು ಆ ಕೈಯನ್ನು ನೋಡದೆ, ಅವನೇ ಕಲಿಸಿಕೊಟ್ಟ ಹಾಗೆ ಗಾಡಿಗೆ ಬೆನ್ನು ಕೊಟ್ಟು, ಸುಟ್ಟ ಕಾಲಿನಲ್ಲೇ ಎತ್ತಿ ನಿಲ್ಲಿಸಿದಳು. ಕಿಕ್ ಹೊಡೆದು, ಕೋರೆಯ ಅಂಚಿನಲ್ಲಿ ನೇರವಾಗಿ ಹೋಗಿಬಿಟ್ಟಳು. ಗುರುವಪ್ಪ ಸುರತ್ಕಲ್ಲಿನವರೆಗೆ ಮಳೆಯಲ್ಲಿ ನಡೆದ.

ಆಗಸ್ಟು ಹೋಯಿತು, ಸೆಪ್ಟೆಂಬರು ಹೋಯಿತು. ಆದಿತ್ಯವಾರ ಎಂಬುದು ಇಷ್ಟು ಉದ್ದದ ದಿನ ಎಂದು ಗುರುವಪ್ಪನಿಗೆ ಗೊತ್ತಿರಲಿಲ್ಲ. ಅಬ್ದುಲ್ ರಹ್ಮಾನ್ ಗ್ಯಾರೇಜಿಗೆ ಬಂದಾಗಲೆಲ್ಲ ಸುದ್ದಿ ತರುತ್ತಿದ್ದ. "ನಿನ್ನ ಟೀಚರನ್ನು ಕದ್ರಿ ಗುಡ್ಡದ ಹಿಂದೆ ನೋಡಿದೆ ಮಾರಾಯ. ಒಬ್ಬಳೇ. ಬೀಳ್ತಾಳೆ, ಎತ್ತುತಾಳೆ, ಪುನಃ ಹತ್ತುತಾಳೆ. ನಿಮಗೆ ಎಂತ ಆಯ್ತು?"

"ಆಗ್ಬೇಕಾದ್ದು ಆಯ್ತು," ಎನ್ನುತ್ತಿದ್ದ ಗುರುವಪ್ಪ. ಹೇಳಿದ ಮೇಲೆ ಹಗುರ ಆಗುತ್ತದೆ ಎಂದು ಹೇಳುವವರೆಲ್ಲ ಸುಳ್ಳು ಹೇಳುತ್ತಾರೆ. ಅವನಿಗೆ ಹಗುರ ಆಗಲಿಲ್ಲ. ಅವಳಿಲ್ಲದ್ದು ಹೊಸ ಭಾರವಾಯಿತು.

ನವೆಂಬರಿನ ಕೊನೆಗೆ ಅವನು ಮತ್ತೆ ಬಸ್ಸಿನ ಅಡಿಯಲ್ಲಿದ್ದಾಗ ಎರಡು ಚಕ್ರ ಬಂದು ನಿಂತವು, ಪಕ್ಕ ಎರಡು ಕಾಲು. ಒಂದು ಮೀನಖಂಡದ ಮೇಲೆ ಅಂಗೈಯಗಲದ ಸುಟ್ಟ ಕಲೆ.

"ಗುರುವಪ್ಪ ಇದ್ದಾರಾ?"

"ಇದ್ದೇನೆ," ಎಂದ.

ಹೊರಗೆ ಬಂದಾಗ ಅವಳು ಅವನನ್ನು ನೋಡಲಿಲ್ಲ, ಟ್ಯಾಂಕಿನ ಮೇಲಿನ ಗೀರನ್ನು ಉಗುರಿನಿಂದ ಕೆರೆಯುತ್ತಿದ್ದಳು. ಕೆನ್ನೆ ಇಳಿದಿತ್ತು.

"ಅಮ್ಮನಿಗೆ ಹೇಳಿದೆ."

"ಎಂತ ಹೇಳಿದ್ರು?"

"ಮೂರು ದಿನ ಏನೂ ಇಲ್ಲ. ಆಮೇಲೆ, ಅವನನ್ನು ಕ್ಷಮಿಸಿದ್ದೇನೆ ಅಂತ ಹೇಳು ಅಂದ್ರು. ಆದ್ರೆ ಅವನ ಸ್ವರ ಮಾತ್ರ ನನ್ನ ಕಿವಿಗೆ ಬೀಳ್ಬಾರ್ದು ಅಂದ್ರು. ನನ್ನ ಮಗ ಕೊನೆಗೆ ಕೇಳಿದ್ದು ಆ ಸ್ವರ ಅಂದ್ರು."

ಗುರುವಪ್ಪ ತಲೆ ತಗ್ಗಿಸಿದ. "ನೀವು?"

"ನಾನು ಕ್ಷಮಿಸ್ಲಿಲ್ಲ. ನನಗೆ ಅಷ್ಟು ಬೇಗ ಬರುದಿಲ್ಲ." ಈಗ ಅವಳು ಕಣ್ಣೆತ್ತಿದಳು. "ಆದ್ರೆ ಹಿಂದೆ ಕೂರ್ಲಿಕ್ಕೆ ಜನ ಬೇಕು. ಒಬ್ಬಳೇ ಬಿಟ್ಟು ನೋಡಿದೆ. ಕನ್ನಡಿಯಲ್ಲಿ ಯಾರೂ ಇಲ್ದಿದ್ರೆ ನನಗೆ ಗಾಡಿ ಬಿಡ್ಲಿಕ್ಕೆ ಆಗುದಿಲ್ಲ."

ಡಿಸೆಂಬರಿನ ಎರಡನೇ ಆದಿತ್ಯವಾರ ಹನ್ನೊಂದು ಗಾಡಿಗಳು ಹೊರಟವು. ಅಣ್ಣನ ಹದಿನಾಲ್ಕನೇ ನಂಬರನ್ನೇ ಕೇಳಿ ಹಾಕಿಸಿಕೊಂಡ, ಪ್ಯಾಂಟು ತೊಟ್ಟ ಹೆಂಗಸನ್ನು ನೋಡಿ ನಕ್ಕವರು ನಕ್ಕರು. ಗುರುವಪ್ಪ ರೂಟ್ ಕಾರ್ಡನ್ನು ಸಿಕ್ಕಿದ ಕೂಡಲೇ ನೆಲದ ಮೇಲಿಟ್ಟು, ಇಂಗ್ಲಿಷಿನ ಪ್ರತಿ ಸಾಲಿನ ಮೇಲೂ ಪೆನ್ಸಿಲಿನಿಂದ ಎಡ, ಬಲ, ನೇರ ಎಂದು ಬರೆದುಕೊಂಡ. ಅವಳು ಅದನ್ನು ನೋಡಿ ಸ್ಕಾರ್ಫು ಬಿಗಿದುಕೊಂಡಳು.

ಟಾರು ಮುಗಿದು ಕಾಡು ಬಂತು. ತೊರೆಯಲ್ಲಿ ಒಮ್ಮೆ ಬಿದ್ದರು, ಬಿದಿರ ಹಿಂಡಿಲಿನ ಕೆಳಗೆ ಒಮ್ಮೆ. "ಎರಡು," ಎಂದಳು ಅವಳು. ಎತ್ತಿನ ದಾರಿಯ ಕೊನೆಯ ಏರಿನಲ್ಲಿ ಮಂಜು ಕವಿದಿತ್ತು. ಅಲ್ಲಿ ದಾರಿ ಒಂದು ಗಾಡಿಯಷ್ಟೇ ಅಗಲ, ಎಡಗಡೆ ಬಂಡೆ, ಬಲಗಡೆ ಏನೂ ಇಲ್ಲ. ಗುರುವಪ್ಪ ಇಳಿದು ಮುಂದೆ ನಡೆದ. ಒತ್ತಿ ನೋಡಿದ. ಹಿಂದೆ ತಿರುಗಿದರೆ ಗಾಡಿಯೂ ಇಲ್ಲ, ಅವಳೂ ಇಲ್ಲ, ಬರಿಯ ಬಿಳಿ.

"ಗುರುವಪ್ಪ, ಹೋಗ್ಬಹುದಾ?"

ಬೈರಾಸು ಎತ್ತಿ ಪ್ರಯೋಜನ ಇರಲಿಲ್ಲ. "ನೇರ ಬನ್ನಿ ಟೀಚರ್," ಎಂದು ಕೂಗಿದ. "ಬಂಡೆಗೆ ತಾಗಿಕೊಂಡು ನೇರ."

ಇಂಜಿನ್ನು ಗುಡುಗುಡು ಎನ್ನುತ್ತ ನಿಂತಲ್ಲೇ ಇತ್ತು. "ಹಾಗಲ್ಲ," ಎಂದಿತು ಮಂಜಿನೊಳಗಿನ ಸ್ವರ. "ಕಂಡಕ್ಟರ್ ಹೇಳುವ ಹಾಗೆ ಹೇಳಿ."

"ನನ್ನಿಂದ ಆಗುದಿಲ್ಲ."

"ನೀವು ಆ ಮಾತು ಹೇಳಿದ್ರೆ ನಾನು ಎಲ್ಲಿಗೆ ತಿರುಗ್ತೇನೆ ಅಂತ ನಿಮಗೆ ಗೊತ್ತಾಗ್ಬೇಕು. ನನಗೂ ಗೊತ್ತಾಗ್ಬೇಕು. ಇಲ್ದಿದ್ರೆ ನಾವಿಬ್ರೂ ಇಲ್ಲಿಯೇ ನಿಂತಿರ್ತೇವೆ ಗುರುವಪ್ಪ, ಸಾಯುವವರೆಗೆ."

ಗುರುವಪ್ಪ ಬಂಡೆಗೆ ಕೈ ಕೊಟ್ಟ. ಒಂದೂವರೆ ವರ್ಷದಿಂದ ಗಂಟಲಲ್ಲಿ ಕೂತಿದ್ದದ್ದನ್ನು ಎಳೆದು ತೆಗೆದ.

"ರೈಟ್," ಎಂದ. ಸ್ವರ ಒಡೆದಿತ್ತು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ, "ರೈಟ್."

ಗೇರು ಬಿದ್ದ ಸದ್ದು. ಮಂಜಿನಿಂದ ಮೊದಲು ಚಕ್ರ ಹೊರಬಂತು, ಆಮೇಲೆ ಅವಳ ಮುಖ. ಬಂಡೆಗೆ ತಾಗಿಕೊಂಡು ನೇರವಾಗಿ ಬಂದು ಅವನ ಪಕ್ಕದಲ್ಲಿ ನಿಲ್ಲಿಸಿದಳು. ಅವಳ ಕೆನ್ನೆಯೆಲ್ಲ ಒದ್ದೆಯಾಗಿತ್ತು. ಇಂಜಿನ್ನು ಆಫ್ ಮಾಡದೆ, ಹಣೆಯನ್ನು ಅವನ ಭುಜದ ಮೇಲಿಟ್ಟಳು.

"ಈಗ ಆಯ್ತು," ಎಂದಳು. "ಈಗ ಕ್ಷಮಿಸಿದೆ."

ನೆತ್ತಿಯ ಮೇಲೆ ಬ್ರೆಡ್ಡು ಹಂಚಿಕೊಂಡು ತಿಂದರು. ಗುರುವಪ್ಪ, "ಟೀಚರ್, ನನಗೆ ನಿಮ್ಮ ಮೇಲೆ..." ಎಂದು ತೊಡಗಿದ.

"ಗೊತ್ತುಂಟು. ನನಗೂ ಉಂಟು," ಎಂದಳು ಅವಳು, ಬ್ರೆಡ್ಡಿನ ಪುಡಿ ಕೊಡವುತ್ತ. "ಜಾತಿ, ಧರ್ಮ ಅಂತ ಊರು ಮಾತಾಡಿದ್ರೆ ಮಾತಾಡ್ಲಿ, ಪಾದ್ರಿಯ ಹತ್ತಿರ ನಾನೇ ಮಾತಾಡ್ತೇನೆ. ಆದ್ರೆ ಅಮ್ಮನಿಗೆ ಇರುದು ನಾನೊಬ್ಬಳೇ. ಆ ಮನೆಯಿಂದ ನಾನು ಹೊರಗೆ ಬರ್ಲಿಕ್ಕಿಲ್ಲ, ನಿಮ್ಮ ಸ್ವರ ಒಳಗೆ ಬರ್ಲಿಕ್ಕಿಲ್ಲ. ಬೇರೆ ಯಾರನ್ನೂ ಮದುವೆ ಆಗುದೂ ಇಲ್ಲ. ಇಷ್ಟೇ ನನ್ನ ಹತ್ತಿರ ಇರುದು."

"ಅದು ಸಾಕು," ಎಂದ ಗುರುವಪ್ಪ. ಸಾಕಾಗಿರಲಿಲ್ಲ.

ಸಂಜೆ ಏಳನೆಯವರಾಗಿ ಬಂದು ಮುಟ್ಟಿದರು. ಸೆಕ್ರೆಟರಿ ಪುಸ್ತಕ ತೆಗೆದು ಫಿನಿಷ್ಡ್ ಎಂದು ಬರೆಯಹೊರಟಾಗ ಮಟಿಲ್ಡಾ ಅವರ ಕೈ ತಡೆದಳು. "ಸರ್, ಹಿಂದಿನ ವರ್ಷದ ಪುಟ ತೆಗೀರಿ. ಹದಿನಾಲ್ಕರ ಎದುರು ಪ್ರೆಸೆಂಟ್ ಅಂತ ಬರೀರಿ." ಅವರು ಅವಳ ಮುಖ ನೋಡಿದರು, ಪುಟ ತಿರುವಿ ಬರೆದರು.

ಜನವರಿಯಲ್ಲಿ ಗುರುವಪ್ಪ ಧನಿಗಳನ್ನು ಕೇಳಿ ಮತ್ತೆ ಬಸ್ಸು ಹತ್ತಿದ. ಜೆಪ್ಪುವಿನಿಂದ ಕದ್ರಿಗೆ, ಡ್ರೈವರ್ ಅಬ್ದುಲ್ ರಹ್ಮಾನ್. ಎಂಟೂ ಇಪ್ಪತ್ತಕ್ಕೆ ಬಸ್ಸು ಮಟಿಲ್ಡಾಳ ಮನೆಯೆದುರು ನಿಲ್ಲುತ್ತಿತ್ತು. ಅವಳು ಕೊಡೆ ಮಡಚಿ ಹತ್ತುತ್ತಿದ್ದಳು, ಎದುರಿನ ಸೀಟಿನಲ್ಲಿ ಕೂರುತ್ತಿದ್ದಳು. ಅವಳು ಕೂತ ಮೇಲೆ, ಅವಳು ಮುಖವೆತ್ತಿ ನೋಡಿದ ಮೇಲೆ, ಗುರುವಪ್ಪ ರೈಟ್ ಎನ್ನುತ್ತಿದ್ದ. ದಿನಕ್ಕೆ ಅಷ್ಟೇ. ಮನೆಯ ಬೀದಿ ಬದಿಯ ಕಿಟಕಿ ಮಾತ್ರ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಪಟ್ಟೆಂದು ಮುಚ್ಚಿಕೊಳ್ಳುತ್ತಿತ್ತು. ಒಂದು ವರ್ಷ, ಒಂದು ದಿನವೂ ತಪ್ಪದೆ ಮುಚ್ಚಿತು. ಗುರುವಪ್ಪ ಆ ಸ್ಟಾಪಿನಲ್ಲಿ ಮಾತ್ರ ಸ್ವರ ತಗ್ಗಿಸಿ ಹೇಳುತ್ತಿದ್ದ.

ಅರುವತ್ತೈದರಲ್ಲಿ, ಈಸ್ಟರಿನ ಮೊದಲಿನ ತಪಸ್ಸುಕಾಲದಲ್ಲಿ, ಒಂದು ಬೆಳಿಗ್ಗೆ ಕಿಟಕಿ ಮುಚ್ಚಲಿಲ್ಲ. ಮರುದಿನವೂ ಮುಚ್ಚಲಿಲ್ಲ. ಈಸ್ಟರ್ ಕಳೆದ ಸೋಮವಾರ ಮಟಿಲ್ಡಾ ಹತ್ತಿದ ಮೇಲೆ ಅವಳ ಹಿಂದೆ ಇನ್ನೊಂದು ಕೈ ಬಾಗಿಲಿನ ಸರಳು ಹಿಡಿಯಿತು. ಕಪ್ಪು ಸೀರೆ, ಕೈಯಲ್ಲಿ ಬುಟ್ಟಿ. ಉರ್ಸುಲಾಬಾಯಿ ಮೆಟ್ಟಿಲು ಹತ್ತಿ, ಯಾರನ್ನೂ ನೋಡದೆ, ಮಗಳ ಪಕ್ಕದಲ್ಲಿ ಕೂತರು.

ಬಸ್ಸು ಹೊರಡಲಿಲ್ಲ. ಅಬ್ದುಲ್ ರಹ್ಮಾನ್ ತಿರುಗಿ ನೋಡಿದ. ಗುರುವಪ್ಪ ಫುಟ್‌ಬೋರ್ಡಿನ ಮೇಲೆ ಬಾಯಿ ಮುಚ್ಚಿ ನಿಂತಿದ್ದ. ಹಿಂದಿನ ಸೀಟಿನವರು ಗೊಣಗಲಾರಂಭಿಸಿದರು. ಮಟಿಲ್ಡಾ ತಾಯಿಯನ್ನು ನೋಡಿದಳು, ಅವನನ್ನು ನೋಡಿದಳು, ಕಣ್ಣು ಕೆಳಗೆ ಹಾಕಿದಳು.

ಉರ್ಸುಲಾಬಾಯಿ ಬುಟ್ಟಿಯನ್ನು ಮಡಿಲಲ್ಲಿ ಸರಿ ಮಾಡಿಕೊಂಡರು.

"ಎಂತ, ಬಸ್ಸು ಹೋಗುದಿಲ್ವಾ?" ಎಂದರು. ಕಿಟಕಿಯ ಕಡೆ ಮುಖ ತಿರುಗಿಸಿ, "ಹೇಳು ಗುರು," ಎಂದರು.

ಗುರುವಪ್ಪ ಹೇಳಿದ. ಬಸ್ಸು ಹೊರಟಿತು. ಅವನು ಬಾಗಿಲಿನ ಕಡೆ ಮುಖ ತಿರುಗಿಸಿ ಬೈರಾಸಿನಿಂದ ಕಣ್ಣು ಒರೆಸಿಕೊಂಡ.

ಮುಂದಿನ ಸ್ಟಾಪು ಬರುವ ಮೊದಲು ಉರ್ಸುಲಾಬಾಯಿ ಕಿಟಕಿಯ ಹೊರಗೆ ನೋಡುತ್ತಲೇ ಇನ್ನೊಂದು ಮಾತು ಹೇಳಿದರು. "ಆದಿತ್ಯವಾರ ಪೂಜೆ ಬಿಟ್ಟ ಮೇಲೆ ಮನೆಗೆ ಬಾ. ಜಗಲಿಯಲ್ಲಿ ಕೂರ್ಬೇಡ. ಒಳಗೆ ಬಾ."